ಕಿಟ್ ಹಾಕಿದ ಮೇಲೂ ಗಾಡಿ ಏಕೆ ಮುಗ್ಗರಿಸುತ್ತದೆ: ಹಳೆಯ ಪೆಟ್ರೋಲ್ ಪಿಕಪ್‌ನ ಕಾರ್ಬೊರೇಟರ್

ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟದ ಸುತ್ತಲಿನ ಹಳ್ಳಿಗಳಲ್ಲಿ, ಹಿಂಭಾಗಕ್ಕೆ ತಗಡಿನ ತೊಟ್ಟಿ ಕಟ್ಟಿಸಿಕೊಂಡು ಪಿಕಪ್ ಆಗಿ ದುಡಿಯುತ್ತಿರುವ ಹಳೆಯ ಜೀಪುಗಳು ಈಗಲೂ ಅಲ್ಲೊಂದು ಇಲ್ಲೊಂದು ಕಣ್ಣಿಗೆ ಬೀಳುತ್ತವೆ. ಬೆಳಿಗ್ಗೆ ಹಿಪ್ಪುನೇರಳೆ ಸೊಪ್ಪು, ಗೂಡು ಬಿಡಿಸಿದ ದಿನ ಮಾರುಕಟ್ಟೆಗೆ ರೇಷ್ಮೆಗೂಡು, ಉಳಿದ ದಿನಗಳಲ್ಲಿ ಬೂಸಾ ಮೂಟೆ ಹೊರುವ ಈ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಎಂದೋ ಡೀಸೆಲ್ ಎಂಜಿನ್ ಕೂರಿಸಿಯಾಗಿದೆ. ಪೆಟ್ರೋಲ್ ಎಂಜಿನ್ನನ್ನೇ ಉಳಿಸಿಕೊಂಡ ಕೆಲವರಲ್ಲಿ ನನ್ನ ಸೋದರಮಾವನೂ ಒಬ್ಬರು. ಅವರ ಗಾಡಿಯಲ್ಲಿ ಪೆಟ್ರೋಲನ್ನು ಗಾಳಿಯೊಡನೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರ್‌ಗೆ ಎರಡು ವರ್ಷದಲ್ಲಿ ಎರಡು ಸಲ ಹೊಸ ಕಿಟ್ ಹಾಕಲಾಗಿತ್ತು. ಆದರೂ ಸಿಗ್ನಲ್ಲಿನಲ್ಲಿ ನಿಂತರೆ ಎಂಜಿನ್ ಆರಿಹೋಗುತ್ತಿತ್ತು, ಸ್ಲೋ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವ ವೇಗ) ಹೆಚ್ಚಿಸಿದರೆ ಗೊರಗೊರ ಎನ್ನುತ್ತ ಒದರುತ್ತಿತ್ತು. ದೋಷ ಕಿಟ್ಟಿನದಾಗಿರಲಿಲ್ಲ, ಹಾಕಿದವರ ಕೈಚಳಕದ್ದೂ ಆಗಿರಲಿಲ್ಲ. ಕಿಟ್ಟಿನ ಪೊಟ್ಟಣದಲ್ಲಿ ಬರುವುದು ಪ್ಯಾಕಿಂಗ್‌ಗಳು, ಒಂದು ನೀಡಲ್ ವಾಲ್ವ್, ಒಂದು ಡಯಾಫ್ರಂ, ನಾಲ್ಕಾರು ವಾಷರ್. ಆ ಗಾಡಿಯಲ್ಲಿ ಸವೆದಿದ್ದದ್ದು ಇವುಗಳಲ್ಲಿ ಯಾವುದೂ ಅಲ್ಲದ, ಎಂಜಿನ್ನಿಗೆ ಹೋಗುವ ಗಾಳಿಯ ದಾರಿಯನ್ನು ತೆರೆದು ಮುಚ್ಚುವ ತಟ್ಟೆಯನ್ನು ಹೊತ್ತ ಬಟರ್‌ಫ್ಲೈ ಶಾಫ್ಟು. ಹಳೆಯ ಕಾರ್ಬೊರೇಟರನ್ನು ಬಿಚ್ಚಿ ಸರಿಪಡಿಸಬೇಕೋ ಬದಲಿಸಬೇಕೋ ಎಂಬ ಪ್ರಶ್ನೆಗೆ ಉತ್ತರ ಬಹುಪಾಲು ಈ ಶಾಫ್ಟಿನಲ್ಲೇ ಇದೆ. ಅದು ಏಕೆಂದು ತಿಳಿಯಲು ಮೊದಲು ಕಾರ್ಬೊರೇಟರ್ ಮಾಡುವ ಕೆಲಸವನ್ನು ನೋಡಬೇಕು.

ಎರಡು ಹಾಳೆಗಳನ್ನು ಬೆರಳಗಲದ ಅಂತರದಲ್ಲಿ ಇಳಿಬಿಟ್ಟು ಹಿಡಿದು ನಡುವೆ ಜೋರಾಗಿ ಊದಿ ನೋಡಿ. ಹಾಳೆಗಳು ದೂರ ಸರಿಯುವ ಬದಲು ಒಂದನ್ನೊಂದು ಅಂಟಿಕೊಳ್ಳಲು ಬರುತ್ತವೆ. ವೇಗವಾಗಿ ಹರಿಯುವ ಗಾಳಿಯಲ್ಲಿ ಒತ್ತಡ ತಗ್ಗುವುದರಿಂದ ಹೀಗಾಗುತ್ತದೆ. ಕಾರ್ಬೊರೇಟರ್‌ನ ಒಳಗೆ ವೆಂಚುರಿ ಎಂಬ ಕಿರಿದಾದ ಕೊರಳಿದೆ. ಪಿಸ್ಟನ್ನುಗಳು ಎಳೆಯುವ ಗಾಳಿ ಈ ಕೊರಳಿನಲ್ಲಿ ನುಗ್ಗುವಾಗ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ. ಪಕ್ಕದ ಬಟ್ಟಲಿನಲ್ಲಿ ನಿಂತ ಪೆಟ್ರೋಲಿನ ಮೇಲೆ ಹೊರಗಿನ ಗಾಳಿಯ ಒತ್ತಡ ಹಾಗೆಯೇ ಇರುವುದರಿಂದ ಪೆಟ್ರೋಲ್ ಜೆಟ್ ಎಂಬ ಅಳತೆಯ ಸಣ್ಣ ರಂಧ್ರದ ಮೂಲಕ ಕೊರಳಿಗೆ ತಳ್ಳಲ್ಪಟ್ಟು ಹನಿಹನಿಯಾಗಿ ಗಾಳಿಯಲ್ಲಿ ಬೆರೆಯುತ್ತದೆ. ಇಷ್ಟು ಮಾತ್ರವೇ ಆಗಿದ್ದರೆ ಕಾರ್ಬೊರೇಟರ್ ಬಣ್ಣ ಸಿಂಪಡಿಸುವ ಗನ್ನಿಗಿಂತ ಹೆಚ್ಚಿನದಾಗುತ್ತಿರಲಿಲ್ಲ. ಕಷ್ಟವಿರುವುದು ಅಳತೆಯಲ್ಲಿ. ಪೆಟ್ರೋಲ್ ಪೂರ್ತಿ ಉರಿಯಲು ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕು. ಚಿಕ್ಕಬಳ್ಳಾಪುರದ ಗಾಳಿಯ ಲೆಕ್ಕದಲ್ಲಿ ಹೇಳುವುದಾದರೆ ಒಂದು ಲೀಟರ್ ಪೆಟ್ರೋಲಿಗೆ ಸುಮಾರು 10 ಸಾವಿರ ಲೀಟರ್ ಗಾಳಿ, ಅಂದರೆ ಮನೆಯ ಮೇಲಿನ ಸಾವಿರ ಲೀಟರಿನ ಹತ್ತು ಟ್ಯಾಂಕುಗಳಷ್ಟು. ಗಾಳಿ ಇದಕ್ಕಿಂತ ಹೆಚ್ಚಾದ ಮಿಶ್ರಣವನ್ನು ಮೆಕ್ಯಾನಿಕ್‌ಗಳು ಲೀನ್ ಎನ್ನುತ್ತಾರೆ, ಪೆಟ್ರೋಲ್ ಹೆಚ್ಚಾದುದನ್ನು ರಿಚ್ ಎನ್ನುತ್ತಾರೆ.

ಬಟ್ಟಲಿನಲ್ಲಿ ಪೆಟ್ರೋಲಿನ ಮಟ್ಟವನ್ನು ಕಾಯುವುದು ಫ್ಲೋಟ್. ನೀರಿನ ಟ್ಯಾಂಕಿನ ಬಾಲ್ ವಾಲ್ವ್ ಹೇಗೆ ಕೆಲಸ ಮಾಡುತ್ತದೆಯೋ ಇದೂ ಹಾಗೆಯೇ: ಮಟ್ಟ ಏರಿದಂತೆ ಫ್ಲೋಟ್ ಮೇಲೆದ್ದು ನೀಡಲ್ಲನ್ನು ಒತ್ತಿ ಪಂಪಿನಿಂದ ಬರುವ ಪೆಟ್ರೋಲನ್ನು ತಡೆಯುತ್ತದೆ. ಈ ಮಟ್ಟದಲ್ಲಿ ಒಂದೆರಡು ಮಿಲಿಮೀಟರ್ ಏರುಪೇರಾದರೂ ಎಲ್ಲ ವೇಗಗಳಲ್ಲಿಯೂ ಮಿಶ್ರಣ ಕೆಡುತ್ತದೆ. ಕೊರಳಿನಿಂದ ಪೆಟ್ರೋಲ್ ಎಳೆಯುವ ದಾರಿ ಕೂಡ ಒಂದಲ್ಲ. ಎಂಜಿನ್ ಸ್ಲೋನಲ್ಲಿ ಓಡುವಾಗ ಬಟರ್‌ಫ್ಲೈ ಬಹುತೇಕ ಮುಚ್ಚಿರುತ್ತದೆ. ಕೊರಳಿನಲ್ಲಿ ಗಾಳಿಯ ವೇಗ ಸಾಲದು. ಆಗ ಬಟರ್‌ಫ್ಲೈ ಕೆಳಗಿನ ಬಲವಾದ ಎಳೆತವೇ ಸ್ಲೋ ಜೆಟ್ಟಿನ ಮೂಲಕ ಬೇರೊಂದು ಸಣ್ಣ ರಂಧ್ರದಿಂದ ಪೆಟ್ರೋಲನ್ನು ಎಳೆದುಕೊಳ್ಳುತ್ತದೆ. ಆಕ್ಸಿಲರೇಟರ್ ಸ್ವಲ್ಪ ಒತ್ತಿದಾಗ ಅಂಚಿನ ಇನ್ನೆರಡು ರಂಧ್ರಗಳು ಸೇರಿಕೊಳ್ಳುತ್ತವೆ, ಇನ್ನೂ ಒತ್ತಿದಾಗ ಮೇನ್ ಜೆಟ್ ಕೆಲಸ ಶುರುಮಾಡುತ್ತದೆ. ತಟ್ಟನೆ ಒತ್ತಿದರೆ ಗಾಳಿ ಕೂಡಲೇ ನುಗ್ಗುತ್ತದೆ, ಭಾರವಾದ ಪೆಟ್ರೋಲ್ ಹಿಂದುಳಿಯುತ್ತದೆ. ಆ ಕ್ಷಣದ ಕೊರತೆಯನ್ನು ತುಂಬಲು ಒಂದು ಪುಟ್ಟ ಪಂಪು ಪಿಚಕಾರಿಯಂತೆ ಪೆಟ್ರೋಲ್ ಚಿಮ್ಮಿಸುತ್ತದೆ. ಚಳಿಯಲ್ಲಿ ಸ್ಟಾರ್ಟ್ ಮಾಡಲು ಚೋಕ್ ಇದೆ. ಈ ಒಂದೊಂದು ದಾರಿಯೂ ಬೇರೆಬೇರೆಯಾಗಿ ಕೆಡಬಲ್ಲದು ಎಂಬುದು ನೆನಪಿದ್ದರೆ, ಗಾಡಿ ಯಾವ ವೇಗದಲ್ಲಿ ಮುಗ್ಗರಿಸುತ್ತದೆ ಎಂಬುದೇ ಯಾವ ದಾರಿ ಕೆಟ್ಟಿದೆ ಎಂಬುದಕ್ಕೆ ಅರ್ಧ ಉತ್ತರವಾಗುತ್ತದೆ.

ಆದರೂ ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮುನ್ನ ಕಾರ್ಬೊರೇಟರ್ ನಿರಪರಾಧಿ ಎಂದೇ ಭಾವಿಸಿ ಪರೀಕ್ಷೆ ಶುರುಮಾಡುವುದು ಒಳ್ಳೆಯದು. ಹಳೆಯ ಗಾಡಿಯ ಮಿಸ್ಸಿಂಗ್ (ಎಂಜಿನ್ ನಡುನಡುವೆ ಮುಗ್ಗರಿಸುವ) ದೂರುಗಳಲ್ಲಿ ಅನೇಕವು ಕಿಡಿ ಹೊತ್ತಿಸುವ ಭಾಗಗಳಾದ ಡಿಸ್ಟ್ರಿಬ್ಯೂಟರ್ ಪಾಯಿಂಟು, ಕಂಡೆನ್ಸರ್, ಪ್ಲಗ್ ವಯರುಗಳಿಂದ ಹುಟ್ಟುತ್ತವೆ. ಹರಿಕೇನ್ ಎಂದು ಕರೆಯುತ್ತಿದ್ದ 2,199 ಸಿಸಿ ಜೀಪ್ ಎಂಜಿನ್ನಿನಲ್ಲಿ ಪಾಯಿಂಟ್ ಅಂತರ ಸುಮಾರು ಅರ್ಧ ಮಿಲಿಮೀಟರ್, ಪ್ಲಗ್ ಅಂತರ ಮುಕ್ಕಾಲು ಮಿಲಿಮೀಟರ್ ಇರಬೇಕು. ಇವು ಸರಿಯಿವೆಯೇ, ಟೈಮಿಂಗ್ ಸರಿಯಿದೆಯೇ, ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಎಸಿ ಪಂಪು ಅದನ್ನು ಹದವಾಗಿ ಕೊಡುತ್ತಿದೆಯೇ, ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ ಕಟ್ಟಿಕೊಂಡಿದೆಯೇ ಎಂಬುದನ್ನು ನೋಡದೆ ಕಾರ್ಬೊರೇಟರ್ ಬಿಚ್ಚಿದರೆ, ಒಂದು ದೋಷವಿದ್ದ ಗಾಡಿಯಲ್ಲಿ ಎರಡು ದೋಷಗಳಾಗುತ್ತವೆ. ಕ್ರಷರ್‌ಗಳ ಹತ್ತಿರ ಓಡುವ ಗಾಡಿಗಳಲ್ಲಿ ಏರ್ ಫಿಲ್ಟರ್ ಮೊದಲ ಆರೋಪಿ. ಎಣ್ಣೆ ತುಂಬುವ ಹಳೆಯ ಮಾದರಿಯ ಫಿಲ್ಟರಿನ ತಳದಲ್ಲಿ ಕೆಸರಿನಂತೆ ದೂಳು ಕೂತಾಗ ಗಾಳಿ ಕಡಿಮೆಯಾಗಿ ಮಿಶ್ರಣ ರಿಚ್ ಆಗುತ್ತದೆ, ಹೊಗೆ ಕಪ್ಪಾಗುತ್ತದೆ, ಮೈಲೇಜ್ ಬೀಳುತ್ತದೆ; ತೊಳೆದು ಎಣ್ಣೆ ಬದಲಿಸಿದರೆ ಅಲ್ಲಿಗೆ ಮುಗಿಯಿತು.

ಪ್ಲಗ್ಗುಗಳು ಪುಕ್ಕಟೆಯಾಗಿ ಸಾಕ್ಷಿ ಹೇಳುತ್ತವೆ. ಗಾಡಿಯನ್ನು ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಪ್ಲಗ್ ಬಿಚ್ಚಿ ನೋಡಿದರೆ ಅದರ ಮೂಗು ತಿಳಿ ಕಂದು ಬಣ್ಣದಲ್ಲಿರಬೇಕು. ನಾಲ್ಕೂ ಪ್ಲಗ್ಗುಗಳಲ್ಲಿ ಒಣ ಮಸಿಯಿದ್ದರೆ ಮಿಶ್ರಣ ರಿಚ್, ನಾಲ್ಕೂ ಬೆಳ್ಳಗಾಗಿದ್ದರೆ ಲೀನ್. ಒಂದು ಮಾತ್ರ ಬೇರೆಯಾಗಿದ್ದರೆ ಕಾರ್ಬೊರೇಟರನ್ನು ಬಿಟ್ಟು ಆ ಸಿಲಿಂಡರಿನ ಕಡೆಗೆ ತಿರುಗಬೇಕು, ಏಕೆಂದರೆ ಒಂದೇ ಕಾರ್ಬೊರೇಟರ್ ನಾಲ್ಕಕ್ಕೂ ಉಣಿಸುತ್ತದೆ. ಇನ್ನು, ಎಂಜಿನ್ ಸ್ಲೋನಲ್ಲಿ ಓಡುತ್ತಿರುವಾಗ ಕಾರ್ಬೊರೇಟರ್ ಬುಡದ ಪ್ಯಾಕಿಂಗ್ ಮತ್ತು ಬಟರ್‌ಫ್ಲೈ ಶಾಫ್ಟಿನ ಎರಡೂ ತುದಿಗಳಿಗೆ ಸೋಪಿನ ನೀರನ್ನು ಸಣ್ಣಗೆ ಚಿಮುಕಿಸಿ. ಎಂಜಿನ್ನಿನ ದನಿ ಬದಲಾದರೆ ಅಲ್ಲಿ ಗಾಳಿ ಎಳೆಯುತ್ತಿದೆ ಎಂದರ್ಥ. ಕೆಲವರು ಇದಕ್ಕೆ ಪೆಟ್ರೋಲನ್ನೇ ಬಳಸುತ್ತಾರೆ. ಎಂಜಿನ್ನಿಗೆ ಅಂಟಿದ ಬಿಸಿ ಕೊಳವೆ, ಅಂದರೆ ಮ್ಯಾನಿಫೋಲ್ಡಿನ ಮೇಲೆ ಪೆಟ್ರೋಲ್ ಚಿಮುಕಿಸುವುದನ್ನು ಪರೀಕ್ಷೆ ಎನ್ನುವುದಕ್ಕಿಂತ ಹುಚ್ಚು ಎನ್ನುವುದೇ ಸರಿ.

ಈ ಶಾಫ್ಟಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಟರ್‌ಫ್ಲೈ ತಟ್ಟೆಯನ್ನು ಹೊತ್ತ ಈ ಸರಳು ಆಕ್ಸಿಲರೇಟರ್ ಒತ್ತಿದಾಗಲೆಲ್ಲ ತಿರುಗುತ್ತದೆ. ಜೊತೆಗೆ ಸ್ಪ್ರಿಂಗ್ ಅದನ್ನು ಸದಾ ಒಂದೇ ಕಡೆಗೆ ಎಳೆಯುತ್ತಿರುತ್ತದೆ. ಸರಳು ಉಕ್ಕಿನದು, ಅದು ಕೂತ ಕಾರ್ಬೊರೇಟರ್ ಮೈ ಸತು ಬೆರೆತ ಮೆದು ಲೋಹದ ಎರಕ. ಹತ್ತಾರು ವರ್ಷಗಳಲ್ಲಿ ದೂಳು ಸೇರಿ ರಂಧ್ರ ಮೊಟ್ಟೆಯಾಕಾರಕ್ಕೆ ಸವೆಯುತ್ತದೆ. ಆ ಸಂದಿನಿಂದ ನುಸುಳುವ ಗಾಳಿ ಯಾವ ಜೆಟ್ಟಿನ ಅಳತೆಗೂ ಸಿಗದ ಗಾಳಿ. ಅದೂ ಒಂದೇ ಸಮನೆ ಬರುವುದಿಲ್ಲ, ಸರಳು ಒಂದೊಂದು ಸಲ ಒಂದೊಂದು ಜಾಗದಲ್ಲಿ ಕೂರುವುದರಿಂದ ಬದಲಾಗುತ್ತಲೇ ಇರುತ್ತದೆ. ಎಂಜಿನ್ ಹೆಚ್ಚು ವೇಗದಲ್ಲಿದ್ದಾಗ ಒಟ್ಟು ಗಾಳಿಯ ಮುಂದೆ ಈ ಸೋರಿಕೆ ಲೆಕ್ಕಕ್ಕಿಲ್ಲ. ಸ್ಲೋನಲ್ಲಿ ಮಾತ್ರ ಅದೇ ದೊಡ್ಡ ಪಾಲಾಗುತ್ತದೆ. ಆದ್ದರಿಂದಲೇ ಇಂಥ ಗಾಡಿ ಹೆದ್ದಾರಿಯಲ್ಲಿ ಚೆನ್ನಾಗಿ ಓಡಿ ಸಿಗ್ನಲ್ಲಿನಲ್ಲಿ ಆರುತ್ತದೆ, ಎಷ್ಟು ಸಲ ಟ್ಯೂನ್ ಮಾಡಿದರೂ ಮರುದಿನ ಮತ್ತೆ ತಪ್ಪುತ್ತದೆ. ಸರಳನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದಾಗ ಕಣ್ಣಿಗೆ ಕಾಣುವಷ್ಟು ಪ್ಲೇ ಇದ್ದರೆ ಹೊಸ ಕಿಟ್ ಹಾಕುವುದು ಹಣ ಕಳೆದಂತೆಯೇ.

ಇದಕ್ಕೆ ಮದ್ದು ಲೇತ್ ಅಂಗಡಿಯಲ್ಲಿದೆ. ಕಾರ್ಬೊರೇಟರ್ ಮೈಯ ಎರಡೂ ಕಡೆಯ ರಂಧ್ರಗಳನ್ನು ಒಂದೇ ನೇರದಲ್ಲಿ ದೊಡ್ಡದು ಮಾಡಿ, ಬಳೆಯಂಥ ಕಂಚಿನ ಬುಷ್ ಕೂರಿಸಿ, ಅದರ ಒಳಗನ್ನು ಸರಳಿಗೆ ತಕ್ಕಂತೆ ನುಣುಪಾಗಿ ಕೆತ್ತಿ ರೀಮ್ ಮಾಡಬೇಕು. ಒಂದೇ ನೇರ ಎಂಬುದೇ ಇಲ್ಲಿನ ಮುಖ್ಯ ಮಾತು; ಬುಷ್‌ಗಳು ವಾರೆಯಾದರೆ ಬಟರ್‌ಫ್ಲೈ ಕಚ್ಚಿಕೊಂಡು ಆಕ್ಸಿಲರೇಟರ್ ಹಿಂದಿರುಗದೆ ಪ್ರಾಣಕ್ಕೆ ಕುತ್ತಾಗಬಹುದು. ಬಿಚ್ಚುವ ಮುನ್ನ ತಟ್ಟೆಯ ಯಾವ ಮೈ ಮೇಲಿತ್ತು, ಯಾವ ಅಂಚು ಯಾವ ಕಡೆಗಿತ್ತು ಎಂಬುದಕ್ಕೆ ಗೀಚಿ ಗುರುತು ಮಾಡಿಕೊಳ್ಳಬೇಕು, ಏಕೆಂದರೆ ತಟ್ಟೆಯ ಅಂಚನ್ನು ಕೊರಳಿಗೆ ಒರಗುವಂತೆ ಓರೆಯಾಗಿ ಕಡೆದಿರುತ್ತಾರೆ, ತಿರುಗುಮುರುಗಾದರೆ ಪೂರ್ತಿ ಮುಚ್ಚುವುದಿಲ್ಲ. ಅದರ ಎರಡು ಪುಟ್ಟ ಸ್ಕ್ರೂಗಳ ತುದಿಯನ್ನು ಕಾರ್ಖಾನೆಯಲ್ಲಿ ಜಜ್ಜಿ ಅಗಲಿಸಿರುತ್ತಾರೆ. ಹಾಕುವಾಗ ಹೊಸ ಸ್ಕ್ರೂ ಹಾಕಿ ಮತ್ತೆ ಹಾಗೆಯೇ ಭದ್ರಪಡಿಸಬೇಕು. ಕಳಚಿದ ಸ್ಕ್ರೂ ಬೇರೆಲ್ಲೂ ಹೋಗುವುದಿಲ್ಲ, ನೇರವಾಗಿ ಎಂಜಿನ್ನಿನೊಳಗೆ ಇಳಿಯುತ್ತದೆ.

ಬಿಚ್ಚಿ ತೊಳೆಯುವ ಕೆಲಸದಲ್ಲಿ ಬೇಕಾದದ್ದು ಜಾಣತನಕ್ಕಿಂತ ಹೆಚ್ಚಾಗಿ ತಾಳ್ಮೆ. ಬ್ಯಾಟರಿ ಕಳಚಿ, ಗಾಡಿಯನ್ನು ಬಯಲಿನಲ್ಲಿ ನಿಲ್ಲಿಸಿ, ಪ್ರತಿ ಹಂತದಲ್ಲಿ ಫೋನಿನಲ್ಲಿ ಚಿತ್ರ ತೆಗೆದುಕೊಂಡು, ಬಿಳಿ ಬಟ್ಟೆ ಹಾಸಿದ ತಟ್ಟೆಯಲ್ಲಿ ಭಾಗಗಳನ್ನು ಬಿಚ್ಚಿದ ಕ್ರಮದಲ್ಲೇ ಜೋಡಿಸಿಟ್ಟರೆ ಅರ್ಧ ಕೆಲಸ ಮುಗಿದಂತೆ. ಕಾರ್ಬೊರೇಟರ್ ಕ್ಲೀನರ್ ಅಥವಾ ಪೆಟ್ರೋಲಿನಲ್ಲಿ ತೊಳೆದು ಕಂಪ್ರೆಸರ್ ಗಾಳಿ ಊದಬೇಕು. ನಮ್ಮ ಜಿಲ್ಲೆಯಲ್ಲಿ ಒಂದು ಎಚ್ಚರಿಕೆಯನ್ನು ಸೇರಿಸಲೇಬೇಕು: ಸೋಪು ಹಾಕಿ ತೊಳೆದು ಬೋರ್‌ವೆಲ್ ನೀರಿನಲ್ಲಿ ಜಾಲಿಸಿ ಬಿಸಿಲಿಗಿಟ್ಟರೆ, ಸ್ಟೀಲ್ ಕೊಡದ ಮೇಲೆ ಕಟ್ಟುವ ಬಿಳಿ ಉಪ್ಪೇ ಸ್ಲೋ ಜೆಟ್ಟಿನ ಒಳಗೂ ಕಟ್ಟುತ್ತದೆ. ಜೆಟ್ಟಿನ ರಂಧ್ರಕ್ಕೆ ಸೂಜಿ ಅಥವಾ ಉಕ್ಕಿನ ತಂತಿ ತೂರಿಸುವುದು ಇನ್ನೂ ದೊಡ್ಡ ತಪ್ಪು. ಸೋಲೆಕ್ಸ್ ಎಂಬ ಕಾರ್ಬೊರೇಟರ್ ಮಾದರಿಯ ಜೆಟ್ಟಿನ ಮೇಲೆ 125 ಎಂದಿದ್ದರೆ ಅದರ ರಂಧ್ರ 1.25 ಮಿಲಿಮೀಟರ್ ಎಂದು ಅರ್ಥ. ಅದು ಗೀಚಿಕೊಂಡು 1.30 ಆದರೆ, ಹಿಗ್ಗಿದ್ದು ಕೂದಲೆಳೆಯಷ್ಟೇ ಆದರೂ ರಂಧ್ರದ ವಿಸ್ತೀರ್ಣ ನೂರಕ್ಕೆ 8ರಷ್ಟು ಹೆಚ್ಚಿ ಪೆಟ್ರೋಲ್ ಖರ್ಚೂ ಅದೇ ಪ್ರಮಾಣದಲ್ಲಿ ಏರುತ್ತದೆ. ಗಾಳಿಗೆ ಬಗ್ಗದ ಕಸವಿದ್ದರೆ ವಿದ್ಯುತ್ ವಯರಿನಿಂದ ಎಳೆದ ತಾಮ್ರದ ಒಂದೆಳೆ ಸಾಕು.

ಮೈ ಮತ್ತು ಮುಚ್ಚಳ ಸೇರುವ ಮುಖಗಳನ್ನು ಗಾಜಿನ ತಟ್ಟೆಯ ಮೇಲಿಟ್ಟು ನೋಡಿದರೆ ಸೊಟ್ಟಗಾಗಿರುವುದು ಕಾಣುತ್ತದೆ. ಸೋರಿದಾಗಲೆಲ್ಲ ಇನ್ನೊಂದು ಸುತ್ತು ಬಿಗಿದ ಅಭ್ಯಾಸದ ಫಲವಿದು. ಸ್ವಲ್ಪವೇ ಇದ್ದರೆ ಗಾಜಿನ ಮೇಲೆ ನುಣುಪು ಎಮರಿ ಕಾಗದ ಹರಡಿ ಎಂಟರ ಆಕಾರದಲ್ಲಿ ತೀಡಿ ಸಮಮಾಡಬಹುದು. ಹಿತ್ತಾಳೆಯ ಫ್ಲೋಟನ್ನು ಬಿಸಿನೀರಿನಲ್ಲಿ ಮುಳುಗಿಸಿ, ಗುಳ್ಳೆ ಬಂದರೆ ತೂತಿದೆ. ಬೆಸುಗೆ ಹಾಕಬಹುದಾದರೂ ಸೀಸದ ಭಾರಕ್ಕೆ ಫ್ಲೋಟ್ ತಗ್ಗಿ ಪೆಟ್ರೋಲ್ ಮಟ್ಟ ಏರುತ್ತದೆ. ಹೊಸದು ಸಿಕ್ಕರೆ ಹೊಸದೇ ಮೇಲು. ಸೋಲೆಕ್ಸ್‌ನಲ್ಲಿ ಈ ಮಟ್ಟವನ್ನು ನೀಡಲ್ ವಾಲ್ವ್ ಕೆಳಗಿನ ವಾಷರಿನ ದಪ್ಪ ತೀರ್ಮಾನಿಸುತ್ತದೆ. ಕಿಟ್ಟಿನಲ್ಲಿ ಬಂದ ವಾಷರ್ ಹಳೆಯದರಷ್ಟೇ ದಪ್ಪವಿದೆಯೇ ಎಂದು ಅಳೆಯದೆ ಹಾಕಿ ಓವರ್‌ಫ್ಲೋ ಮಾಡಿಕೊಂಡವರು ಕಡಿಮೆಯಿಲ್ಲ. ಅಮೆರಿಕದ ಮೂಲ ಜೀಪುಗಳಲ್ಲಿದ್ದ ಕಾರ್ಟರ್ ಮಾದರಿಯಲ್ಲಿ ಫ್ಲೋಟಿನ ನಾಲಗೆಯನ್ನು ಬಗ್ಗಿಸಿ ಮಟ್ಟ ಹೊಂದಿಸಬೇಕು.

ಈಗ ಪೆಟ್ರೋಲಿನ ಮಾತು. 2023ರ ಫೆಬ್ರುವರಿಯಿಂದ ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಬಂಕುಗಳಿಗೆ ಬರತೊಡಗಿತು. ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸಿ ಆಮೇಲೆ ಬಿರುಕು ಬಿಡಿಸುತ್ತದೆ, ಟ್ಯಾಂಕಿನ ಹಳೆಯ ಅಂಟನ್ನು ಕರಗಿಸಿ ಜೆಟ್ಟಿನವರೆಗೆ ಸಾಗಿಸುತ್ತದೆ, ಗಾಳಿಯ ತೇವವನ್ನು ಹೀರಿ ಬಟ್ಟಲಿನ ತಳದಲ್ಲಿ ಬಿಳಿ ಪುಡಿಯಂಥ ತುಕ್ಕಿಗೆ ದಾರಿಮಾಡುತ್ತದೆ. ಡಯಾಫ್ರಂ ಮತ್ತು ಪೈಪುಗಳನ್ನು ಕೊಳ್ಳುವಾಗ ವೈಟಾನ್ ರಬ್ಬರಿನದನ್ನು ಕೇಳಬೇಕು. ಇದಕ್ಕಿಂತ ಸೂಕ್ಷ್ಮವಾದದ್ದು ಅಳತೆಯ ಪ್ರಶ್ನೆ. ಎಥನಾಲ್‌ಗೆ ಉರಿಯಲು ಗಾಳಿ ಕಡಿಮೆ ಸಾಕು. ಈ ಮಿಶ್ರಣಕ್ಕೆ ಬೇಕಾದದ್ದು 14.7ರ ಬದಲು ಸುಮಾರು 13.5 ಪಾಲು ಗಾಳಿ. ಅಂದರೆ ಹಳೆಯ ಜೆಟ್ಟಿನಲ್ಲಿ ಎಂಜಿನ್ ನೂರಕ್ಕೆ ಸುಮಾರು 8ರಷ್ಟು ಲೀನ್ ಆಗಿ ಓಡುತ್ತದೆ. ಇನ್ನೊಂದು ಕಡೆ, ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ, ಪೆಟ್ರೋಲಿನ ಸಾಂದ್ರತೆ ಮಾತ್ರ ಅಷ್ಟೇ ಇರುತ್ತದೆ. ಹೀಗಾಗಿ ಕಾರ್ಬೊರೇಟರ್ ಗಾಡಿಗಳು ಬೆಟ್ಟದಲ್ಲಿ ರಿಚ್ ಆಗುತ್ತವೆ. ಸುಮಾರು 900 ಮೀಟರ್ ಎತ್ತರದ ಚಿಕ್ಕಬಳ್ಳಾಪುರದಲ್ಲಿ ಇದು ನೂರಕ್ಕೆ 4ರಷ್ಟು, 1,478 ಮೀಟರ್ ಎತ್ತರದ ನಂದಿಬೆಟ್ಟದ ನೆತ್ತಿಯಲ್ಲಿ 7ರಷ್ಟು. ಸಮುದ್ರಮಟ್ಟಕ್ಕೆ ಹೊಂದಿಸಿದ ಜೆಟ್ ಎಂದಿಟ್ಟುಕೊಂಡರೆ, ಎಥನಾಲ್ ತಂದ ಕೊರತೆಯ ಅರ್ಧವನ್ನು ನಮ್ಮ ಊರಿನ ಎತ್ತರವೇ ತುಂಬಿಕೊಟ್ಟಿದೆ. ಉಳಿದ ಶೇ 4ಕ್ಕೆ 125ರ ಬದಲು 127.5 ಜೆಟ್ ಹಾಕಿದರೆ ಲೆಕ್ಕ ಸರಿಹೋಗುತ್ತದೆ. ಮಂಗಳೂರಿನವರು ಹೇಳಿದರೆಂದು ನೇರವಾಗಿ 130 ಹಾಕಿಕೊಳ್ಳುವುದು ಇಲ್ಲಿಗೆ ಹೆಚ್ಚಾಯಿತು. 127.5 ಹಾಕುವುದೂ ಪ್ಲಗ್ ಬೆಳ್ಳಗಾಗಿ, ಏರಿನಲ್ಲಿ ಎಂಜಿನ್ ಕಾಯುತ್ತಿದ್ದರೆ ಮಾತ್ರ. ಮೊದಲು ಕಾರ್ಖಾನೆಯ ಅಳತೆಗೆ ತಂದು ಓಡಿಸಿ ನೋಡದೆ ಜೆಟ್ ಬದಲಿಸಬಾರದು.

ಬದಲಿಸುವುದು ಯಾವಾಗ? ಮೈ ಬಿರುಕು ಬಿಟ್ಟಿದ್ದರೆ, ಎಥನಾಲ್ ಮತ್ತು ನೀರು ಸೇರಿ ಒಳದಾರಿಗಳು ತಿಂದುಹೋಗಿದ್ದರೆ, ಬುಡದ ಚಾಚು ತೀಡಲಾಗದಷ್ಟು ಬಾಗಿದ್ದರೆ, ಹಿಂದೊಮ್ಮೆ ಯಾರೋ ದಾರಿ ಕೊರೆದು ಕೆಡಿಸಿದ್ದರೆ ರಿಪೇರಿಯ ಮಾತನ್ನು ಬಿಡುವುದೇ ಲೇಸು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೊಸ ನಕಲುಗಳೂ ಬಳಸಿದ ಅಸಲುಗಳೂ ಸಿಗುತ್ತವೆ. ನನ್ನ ಒಲವು, ಶಾಫ್ಟ್ ಬಿಗಿಯಾಗಿರುವ ಬಳಸಿದ ಅಸಲಿನ ಕಡೆಗೆ. ಹೊಸದನ್ನೇ ಕೊಳ್ಳುವುದಾದರೆ ಬೋಲ್ಟ್ ರಂಧ್ರಗಳು ಹೊಂದಿದವು ಎಂಬಷ್ಟಕ್ಕೆ ಸಮಾಧಾನಪಡಬಾರದು. ಒಂದೇ ಮೈಯ ಕಾರ್ಬೊರೇಟರ್ ಬೇರೆಬೇರೆ ವೆಂಚುರಿ ಮತ್ತು ಜೆಟ್‌ಗಳೊಡನೆ ಬೇರೆಬೇರೆ ಎಂಜಿನ್‌ಗಳಿಗೆ ಬರುತ್ತಿತ್ತು. 2.2 ಲೀಟರಿನ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ, ಸಿಲಿಂಡರುಗಳು ಪ್ರತಿ ಸಲ ಶೇ 80ರಷ್ಟು ಮಾತ್ರ ತುಂಬುತ್ತವೆ ಎಂದರೂ, ನಿಮಿಷಕ್ಕೆ ಸುಮಾರು 2,600 ಲೀಟರ್ ಗಾಳಿ ಎಳೆಯುತ್ತದೆ. ಒಂದೂವರೆ ಲೀಟರಿನ ಕಾರಿಗೆಂದು ಕಡೆದ ವೆಂಚುರಿ ಇಷ್ಟು ಗಾಳಿಗೆ ಇಕ್ಕಟ್ಟಾಗಿ ಏರಿನಲ್ಲಿ ಶಕ್ತಿ ಉಡುಗುತ್ತದೆ. ದೊಡ್ಡದು ಹಾಕಿದರೆ ಶಕ್ತಿ ಹೆಚ್ಚುತ್ತದೆ ಎಂಬ ನಂಬಿಕೆಯೂ ತಪ್ಪು: ಅಗಲವಾದ ಕೊರಳಿನಲ್ಲಿ ಗಾಳಿಯ ವೇಗ ಸಾಲದೆ ಪೆಟ್ರೋಲ್ ಸರಿಯಾಗಿ ಮೇಲೇಳುವುದಿಲ್ಲ, ಹೊರೆ ಹೊತ್ತು ನಿಧಾನವಾಗಿ ಸಾಗುವ ಪಿಕಪ್ಪಿಗೆ ಅದು ಇನ್ನೂ ಕೆಟ್ಟದ್ದು. ಕಾರ್ಬೊರೇಟರ್ ಮತ್ತು ಮ್ಯಾನಿಫೋಲ್ಡ್ ನಡುವಿನ ದಪ್ಪನೆಯ ಬೇಕಲೈಟ್ ತುಂಡನ್ನು ಬೇಡವೆಂದು ಬಿಸಾಡಬಾರದು. ಅದಿಲ್ಲದಿದ್ದರೆ ಏಪ್ರಿಲ್ ಬಿಸಿಲಿನಲ್ಲಿ ಎಂಜಿನ್ನಿನ ಕಾವಿಗೆ ಬಟ್ಟಲಿನ ಪೆಟ್ರೋಲ್ ಕುದಿದು, ಸಂತೆಗೆ ನಿಲ್ಲಿಸಿ ಬಂದ ಗಾಡಿ ಮತ್ತೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ.

ಜೋಡಿಸಿದ ಮೇಲೆ, ಸ್ಟಾರ್ಟ್ ಮಾಡುವ ಮುನ್ನ ಬಟ್ಟಲು ತುಂಬಿಸಿ ಕೊರಳಿನೊಳಗೆ ನೋಡುತ್ತ ಆಕ್ಸಿಲರೇಟರ್ ಎಳೆದರೆ ಪಂಪಿನಿಂದ ಪೆಟ್ರೋಲಿನ ಗಟ್ಟಿ ಎಳೆ ಚಿಮ್ಮಬೇಕು. ತೊಟ್ಟಿಕ್ಕಿದರೆ ಮತ್ತೆ ಬಿಚ್ಚಬೇಕು. ಟ್ಯೂನಿಂಗ್ ಮಾಡುವುದು ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಚೋಕ್ ತೆಗೆದು. ಮಿಶ್ರಣದ ಸ್ಕ್ರೂವನ್ನು ಮೆಲ್ಲಗೆ ಕೂರುವವರೆಗೆ ತಿರುಗಿಸಿ, ಒಂದೂವರೆ ಸುತ್ತು ಹೊರಗೆ ತೆಗೆದು ಶುರುಮಾಡಬಹುದು. ಬಿಗಿದು ಕೂರಿಸಿದರೆ ಅದರ ಮೊನೆಗೆ ಗೆರೆ ಬಿದ್ದು ಮುಂದೆಂದೂ ಹದಕ್ಕೆ ಬರುವುದಿಲ್ಲ. ಅಲ್ಲಿಂದ ಕಾಲು ಕಾಲು ಸುತ್ತು ತಿರುಗಿಸುತ್ತ ಎಂಜಿನ್ ಅತಿ ವೇಗವಾಗಿ, ನಯವಾಗಿ ಓಡುವ ಜಾಗವನ್ನು ಹುಡುಕಿ, ಹೆಚ್ಚಿದ ವೇಗವನ್ನು ಸ್ಲೋ ಸ್ಕ್ರೂನಿಂದ ಇಳಿಸಿ, ಮತ್ತೊಮ್ಮೆ ಹುಡುಕಬೇಕು. ಮ್ಯಾನಿಫೋಲ್ಡಿನ ಎಳೆತವನ್ನು ಅಳೆಯುವ ವ್ಯಾಕ್ಯೂಮ್ ಗೇಜ್ ಇದ್ದವರು ಒಂದು ಮಾತನ್ನು ನೆನಪಿಡಬೇಕು. ಪುಸ್ತಕಗಳು ಹೇಳುವ 17ರಿಂದ 21 ಇಂಚು (ಪಾದರಸದ ಅಳತೆ) ಸಮುದ್ರಮಟ್ಟದ ಲೆಕ್ಕ; ಪ್ರತಿ 300 ಮೀಟರಿಗೆ ಸುಮಾರು ಒಂದು ಇಂಚು ಕಡಿಮೆಯಾಗುವುದರಿಂದ ಚಿಕ್ಕಬಳ್ಳಾಪುರದಲ್ಲಿ 14ರಿಂದ 18 ಬಂದರೆ ಎಂಜಿನ್ ಆರೋಗ್ಯವಾಗಿಯೇ ಇದೆ. ಮುಳ್ಳು ಅಲುಗದೆ ನಿಲ್ಲುವುದು ಅಂಕಿಗಿಂತ ಮುಖ್ಯ.

ಗೇಜ್ ಇಲ್ಲದವರಿಗೆ ಹೊಗೆ ತಪಾಸಣಾ ಕೇಂದ್ರವೇ ಅಳತೆಯ ಉಪಕರಣ. ಹಳೆಯ ನಾಲ್ಕು ಚಕ್ರದ ಪೆಟ್ರೋಲ್ ಗಾಡಿಗಳಿಗೆ ಸ್ಲೋನಲ್ಲಿ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇ 3. ಪ್ರಮಾಣಪತ್ರಕ್ಕೆ ಕೊಡುವ ಹಣದಲ್ಲೇ, ಕೇಂದ್ರದವರು ಒಪ್ಪಿದರೆ, ನಳಿಕೆ ಸೈಲೆನ್ಸರಿನಲ್ಲಿರುವಾಗಲೇ ಸ್ಕ್ರೂ ತಿರುಗಿಸಿ ಅಂಕಿ ಇಳಿಯುವುದನ್ನು ನೋಡಬಹುದು. ಮಾವನ ಗಾಡಿಯನ್ನು ನಾವು ಹದಕ್ಕೆ ತಂದದ್ದು ಹೀಗೆಯೇ. ಲೇತ್‌ನಲ್ಲಿ ಎರಡು ಬುಷ್ ಹಾಕಿಸಿದ ಮೇಲೆ, ಮೊದಲು ಎಷ್ಟು ತಿರುಗಿಸಿದರೂ ಕಿವಿಗೊಡದಿದ್ದ ಸ್ಕ್ರೂ ಕಾಲು ಸುತ್ತಿಗೇ ಉತ್ತರ ಕೊಡತೊಡಗಿತು. ಎರಡನೆಯ ಸಲ ಹಾಕಿಸಿದ್ದ ಕಿಟ್ಟಿನ ಪ್ಯಾಕಿಂಗ್‌ಗಳನ್ನು ಬಿಟ್ಟು ಉಳಿದ ಭಾಗಗಳನ್ನೆಲ್ಲ ಹಾಗೆಯೇ ಮತ್ತೆ ಬಳಸಿದೆವು. ನೂರು ಕಿಲೋಮೀಟರ್ ಓಡಿದ ಮೇಲೆ ಎಂಜಿನ್ ತಣ್ಣಗಿರುವಾಗ ಬುಡದ ನಟ್ಟುಗಳನ್ನು ಎರಡೂ ಕಡೆ ಸಮನಾಗಿ ಒಮ್ಮೆ ಬಿಗಿದು, ಪ್ಲಗ್ ಬಿಚ್ಚಿ ನೋಡಿದಾಗ ನಾಲ್ಕರಲ್ಲಿ ಮೂರು ಕಂದು ಬಣ್ಣಕ್ಕೆ ತಿರುಗಿದ್ದವು. ನಾಲ್ಕನೆಯದರಲ್ಲಿ ಎಣ್ಣೆಯ ಜಿಡ್ಡಿತ್ತು, ಅದು ಪಿಸ್ಟನ್ ರಿಂಗಿನ ಕಥೆ.